ರೈಟರ್ ಕೆಲಸಕ್ಕೆ ಸಾಲದ ದನಿ

೧೨ ನವೆಂಬರ್, ಬುಧವಾರ. ಚಿಕ್ಕಮಗಳೂರು.

ಇವತ್ತು ಎಸ್ಟೇಟ್ ಮಾಲೀಕ ಶಿವೇಗೌಡರು ಬಂದಿದ್ದರು. ಹನ್ನೊಂದು ವರ್ಷದಿಂದ ಕಾಯುತ್ತಿದ್ದೆ.

ಎಸ್ಟೇಟ್ ಕೆಲಸಗಳ ತರಬೇತಿಗೆಂದು ನಾನು ಎಐ ಬಳಸಿ ಕಟ್ಟಿದ ಸಿಮ್ಯುಲೇಶನ್ ನೋಡಲು ಕಾಲೇಜಿನವರು ಅವರನ್ನು ಕರೆಸಿದ್ದರು. ಹುಡುಗಿಯರು ರೈಟರ್ ಕೆಲಸದ ಸಂದರ್ಶನಕ್ಕೆ ಕೂರಬೇಕು, ಪರದೆಯ ಮೇಲಿನ ಎಸ್ಟೇಟ್ ಮಾಲೀಕ ಪ್ರಶ್ನೆ ಕೇಳುತ್ತಾನೆ. ರೈಟರ್ ಎಂದರೆ ಏನೆಂದೇ ಎಐಗೆ ಮೊದಲು ತಿಳಿಯಲಿಲ್ಲ. 'ನಿಮ್ಮ ಮೊದಲ ಕಾದಂಬರಿ ಯಾವುದು?' ಎಂದು ಕೇಳಿತು! ತೋಟದ ಆಳುಗಳ ಹಾಜರಿ ಬರೆಯುವವರು ಎಂದು ತಿದ್ದಿದೆ. ಆಮೇಲೂ ಅದರ ಮಾಲೀಕ ಬಹಳ ಮರ್ಯಾದಸ್ಥ. ಅಂಥವರನ್ನು ನಾನಂತೂ ಕಂಡಿಲ್ಲ. ಕೊನೆಗೆ, ಹನ್ನೊಂದು ವರ್ಷದ ಹಿಂದೆ ಇದೇ ಕೆಲಸ ಕೇಳಿ ಹೋದಾಗ ಶಿವೇಗೌಡರು ನನಗೆ ಹೇಳಿದ್ದನ್ನೇ ಒಂದಕ್ಷರ ಬಿಡದೆ ಅವನ ಬಾಯಿಗೆ ಹಾಕಿದೆ. ನನ್ನದೇ ದನಿಯಲ್ಲಿ, ಗಂಟಲು ಕಟ್ಟುವಷ್ಟು ಕೂಗಿ ರೆಕಾರ್ಡ್ ಮಾಡಿದೆ.

ಇವತ್ತು ಸಂದರ್ಶನದ ಕುರ್ಚಿಯಲ್ಲಿ ಅವರನ್ನೇ ಕೂರಿಸಿದೆ. ಸ್ಪೀಕರ್ ಗದರಿತು: "ರೈಟರ್ ಅಂದ್ರೆ ಬರೀ ಹಾಜರಿ ಬರೆಯೋದಲ್ಲ, ಆಳುಗಳನ್ನ ಗದರ್ಸ್ಬೇಕು. ನಿನ್ ದನಿ ಸಾಲಲ್ಲ, ಹೋಗು."

ಅವರು ಬೆಚ್ಚಿ ನೆಟ್ಟಗೆ ಕೂತರು. "ಯಾರಮ್ಮ ಇದು, ಹೀಗೆ ಕೂಗೋದು?"

"ನಾನೇ ಸರ್. ಗ್ಯಾರೇಜ್ ಮುನವ್ವರ್ ಮಗಳು ಯಾಸ್ಮಿನ್. ಈಗ ದನಿ ಸಾಲುತ್ತಾ?"

ನೆನಪಾದದ್ದು ಮುಖದಲ್ಲೇ ಕಂಡಿತು. ಕೈಯಲ್ಲಿದ್ದ ಕಾಫಿ ಹಾಗೇ ಆರಿತು. ಕ್ಷಮೆ ಮಾತ್ರ ಕೇಳಲಿಲ್ಲ.

ಒಳ್ಳೆಯದೇ ಆಯಿತು. ನಾಳೆಯಿಂದ ನಲವತ್ತು ಹುಡುಗಿಯರು ಒಬ್ಬೊಬ್ಬರಾಗಿ ಆ ಮಾತಿಗೆ ಜವಾಬು ಕೊಡಲಿದ್ದಾರೆ. ಗೌಡರು ಕ್ಷಮೆ ಕೇಳಿಬಿಟ್ಟಿದ್ದರೆ ಆ ರೆಕಾರ್ಡಿಂಗನ್ನು ಅಳಿಸಬೇಕಾಗುತ್ತಿತ್ತು.