ಬೂಷ್ಟು ಹಿಡಿದ ಬಾರಕೋಲು

ಫಕ್ಕೀರಣ್ಣಾ,

ಮನೆ ಮುಂದೆ ಲಾನ್ ಹಾಕಿಸಲು ಹೊರಟೆ. ಮಣ್ಣಿಗೆಲ್ಲ ಬಿಳಿ ಬೂಷ್ಟು. ಅಕ್ಕಿಆಲೂರಿನ ಸಸಿ ಮಾರುವ ಕನಕಪ್ಪ ಇವತ್ತು ಬಂದು ನೋಡಿದ.

“ಕೆಳಗ ಕಟ್ಟಿಗಿ ಕೊಳ್ಯಾಕತ್ತೈತ್ರಿ. ಅದನ್ನ ತಗಿಯೂತನಕ ಬೂಷ್ಟು ಹೋಗಂಗಿಲ್ಲ, ಹುಲ್ಲೂ ಏಳಂಗಿಲ್ಲ” ಎಂದು ಅಗೆದ.

ಸಿಕ್ಕಿದ್ದು, ಅಪ್ಪ ಎತ್ತಿಗೂ ನಮಗೂ ಬೀಸುತ್ತಿದ್ದ ಬಾರಕೋಲು. ಹಿಡಿಯ ಹಿತ್ತಾಳೆ ಬಳೆ ಹಾಗೇ ಇತ್ತು. ಗುದ್ದಲಿ ಕಸಿದುಕೊಂಡು ಅದನ್ನು ಪುಡಿಯಾಗುವವರೆಗೆ ಕೊಚ್ಚಿದೆ.

ಈ ಬಾರಕೋಲು ಕಾಣೆಯಾದ ದಿನ ಅಪ್ಪ ನಿನ್ನನ್ನು ಬಂಡಿಗಾಲಿಗೆ ಕಟ್ಟಿ ಸರಪಳಿಯಿಂದ ಬಡಿದ. ಹುಗಿದವನು ನಾನೆಂದು ನಿನಗೆ ಗೊತ್ತಿತ್ತು. ಕಿವಿಯಿಂದ ರಕ್ತ ಸುರಿದರೂ ನೀನು ನನ್ನ ಹೆಸರು ಹೇಳಲಿಲ್ಲ. ಹಾನಗಲ್ಲಿನ ಆಸ್ಪತ್ರೆ ಮುಟ್ಟುವ ಮೊದಲೇ ನಿನ್ನ ಉಸಿರು ನಿಂತಿತು.

ಕನಕಪ್ಪ ಹೆದರಿ ಹಿಂದೆ ಸರಿದು ಕೇಳಿದ: “ಯಾರ್ರೀ ಇದನ್ನ ಹುಗದಿದ್ದು?”

ಅವತ್ತು ಅಪ್ಪನಿಗೆ ಹೇಳಿದ್ದನ್ನೇ ಹೇಳಿದೆ.

“ನಮ್ಮಣ್ಣ.”