ಲವಂಗದ ಅಳತೆ

ಬ್ರಿಜೆಟ್,

ಶಾಲೆಯಿಂದ ಬಂದವಳೇ ಕೋಟು ಸೋಫಾದ ಮೇಲೆ ಎಸೀಬೇಡ. ಓಟ್ಸ್ ಕುಕೀ ಹಿಟ್ಟು ಕಲಸಿಟ್ಟಿದ್ದೇನೆ. ಸಿಹಿಗುಂಬಳ, ದಾಲ್ಚಿನ್ನಿ ಎಲ್ಲ ಬಿದ್ದಿದೆ. ಲವಂಗದ ಪುಡಿ, ಮೊಟ್ಟೆ ಮಾತ್ರ ಹಾಕಿಲ್ಲ.

ನಿನ್ನೆ "ಅಮ್ಮ ಮಾಡ್ತಿದ್ದ ಥರ ಇಲ್ವೇ ಇಲ್ಲ" ಅಂತ ಕುಕೀ ತಟ್ಟೆ ತಳ್ಳಿದೆಯಲ್ಲ, ನನಗೂ ಸಿಟ್ಟು ಬಂತು. ಆದರೆ ನಿಮ್ಮಮ್ಮ ಬರೆದಿಟ್ಟ ರೆಸಿಪಿ ಕಾರ್ಡಿನಲ್ಲಿ ಲವಂಗ ಎಷ್ಟು ಅನ್ನೋ ಜಾಗದಲ್ಲೇ ಬೆಣ್ಣೆ ಕಲೆ ಕೂತಿದೆ. ನಿನ್ನೆ ನಾನು ಹಾಕಿದ್ದು ಬರೀ ಅಂದಾಜು.

ಅವರ ಕೈರುಚಿ ಗೊತ್ತಿರೋದು ನಿನ್ನ ನಾಲಿಗೆಗೆ. ಚಿಟಿಕೆ ಚಿಟಿಕೆ ಹಾಕಿ ರುಚಿ ನೋಡು, ಆಮೇಲೆ ಮೊಟ್ಟೆ ಒಡೆದು ಹಾಕು. ಕುಕೀ ನಡು ಇನ್ನೂ ಮೆತ್ತಗಿರುವಾಗಲೇ ಓವನ್‌ನಿಂದ ತೆಗಿ, ಇಲ್ಲದಿದ್ದರೆ ಕಲ್ಲಾಗುತ್ತೆ. ಅಪ್ಪನಿಗೆ ಎರಡು ಉಳಿಸು.

ಅಳತೆ ಸಿಕ್ಕರೆ ಕಾರ್ಡಿನಲ್ಲಿ ನೀನೇ ಬರೆದಿಡು, ಪೆನ್ನಿನಲ್ಲಿ. ಅವರ ಅಕ್ಷರದ ಪಕ್ಕ ನಾನು ಬರೆಯೋದು ಸರಿಯಲ್ಲ.

ಲೊರೇನ್