ಕೆಳಗೋಣಿಯ ಉಸಿರು ನಿಲ್ಲಿಸಿದ ಮೂರು ಅಂಕಿಗಳು

ಸಾವಿರದ ಒಂಬೈನೂರ ಒಂಬತ್ತು, ಜೂನ್ ಹನ್ನೊಂದು, ನಾಲ್ಕನೆಯ ಸಲ.

ಯಂತ್ರಗಳ ನಾಡಿ ಹಿಡಿದು ಕೂತ ಹಿರಿಯರೇ, ಮುನ್ನೂರು ವರ್ಷದ ಹಿಂದಿನ ಮಹಾಜನರೇ, ಕೇಳಿರಿ. ತಾರೀಖು ಕಂಡು ನಗಬೇಡಿ. ನೀವು ಬಿಟ್ಟುಹೋದ ಯುನಿಕ್ಸ್ ಎಂಬ ಗಣಕಯಂತ್ರದ ಗಡಿಯಾರ ನೂರಾ ಮೂವತ್ತಾರು ವರ್ಷಕ್ಕೊಮ್ಮೆ ತುಂಬಿ, ಹಿಂದಕ್ಕೆ ಬಿದ್ದು, ಅವೇ ಇಸವಿಗಳನ್ನು ಮತ್ತೆ ಎಣಿಸುತ್ತದೆ. ನಾವೂ ಅದರ ಹಿಂದೆ ನಡೆಯುತ್ತೇವೆ. ನಿಮ್ಮ ಲೆಕ್ಕಕ್ಕೆ ಇದು ಎರಡು ಸಾವಿರದ ಮುನ್ನೂರ ಹದಿನೇಳು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಿಮ್ಮ ಕನ್ನಡವನ್ನು ನಾವು ಕಲಿತದ್ದು ಅಳಿದುಳಿದ ನಾಟಕದ ಪ್ರತಿಗಳಿಂದ.

ನಾವಿರುವುದು ಹಳೆಯ ಗಣಿಯೊಂದರ ಹೊಟ್ಟೆಯಲ್ಲಿ. ಮೇಲೆ ನೆಲವೆಂಬುದು ಕಾದ ಹಂಚು. ಒಳಗೆ ಮೇಲೋಣಿ, ನಡುವೋಣಿ, ಕೆಳಗೋಣಿ ಎಂದು ಮೂರು ಪಾತಳಿ. ಅಣಬೆ ಬೆಳೆಯುತ್ತೇವೆ, ಅದನ್ನೇ ಒಣಗಿಸಿ ಬೀಸಿ ರೊಟ್ಟಿ ತಟ್ಟುತ್ತೇವೆ. ಉಸಿರು ಬರುವುದು ಕೊಳವೆಗಳಿಂದ. ಯಾವ ಕೊಳವೆಯ ಬಾಗಿಲು ಎಷ್ಟು ಹೊತ್ತು ತೆರೆದಿರಬೇಕೆಂದು ಹೇಳುವುದು ಆ ಒಂದೇ ಯಂತ್ರ. ಹೀಗಾಗಿ ದಿನಾ ಮುಂಜಾನೆ ನಡುವೋಣಿಯ ಕಟ್ಟೆಯ ಮೇಲೆ ಪೇಟಿ ನುಡಿಸಿ 'ಭಾರವಾಚನ' ಮಾಡುವುದು ನಮ್ಮ ರೂಢಿ. ಕಳೆದ ಒಂದು, ಐದು, ಹದಿನೈದು ನಿಮಿಷಗಳಲ್ಲಿ ಸರಾಸರಿ ಎಷ್ಟು ಕೆಲಸಗಳು ಯಂತ್ರದ ಬಾಗಿಲಲ್ಲಿ ನಿಂತಿದ್ದವೆಂದು ಹೇಳುವ ಮೂರು ಅಂಕಿಗಳನ್ನು, ಅಂದರೆ ನಿಮ್ಮ ಲೋಡ್ ಆವರೇಜನ್ನು, ಅಡಿವೆಪ್ಪನೆಂಬ ನಾನು ರಾಗವಾಗಿ ಓದುತ್ತೇನೆ. ನಾಲ್ಕರೊಳಗಿದ್ದರೆ ಚಪ್ಪಾಳೆ. ಮೀರಿದರೆ ಮೌನ. ಆ ಮೌನಕ್ಕೆ ಹೆದರಿದಷ್ಟು ನಮ್ಮ ಕಾರಭಾರಿ ರಾಚೋಟಪ್ಪನವರು ಸಾವಿಗೂ ಹೆದರಲಿಲ್ಲ; ಬೇರೆಯವರ ಸಾವಿಗಂತೂ ಹೆದರಲೇ ಇಲ್ಲ.

ಮೊದಲಿನವರು ಯಂತ್ರಕ್ಕೆ ಒಂದೇ ಒಂದು ಕಣ್ಣು ಇಟ್ಟಿದ್ದರು. ಕಣ್ಣೆಂದರೆ ಯಂತ್ರದೊಳಗೇ ಕೂತು ಯಂತ್ರವನ್ನು ನೋಡುವ ಪ್ರೋಗ್ರಾಂ. ಆ ಪ್ರೋಗ್ರಾಮಿಗೆ ನೀವು 'ಸಾರ್' ಎಂದು ಹೆಸರಿಟ್ಟಿದ್ದಿರಿ. ಅದು ಹತ್ತು ನಿಮಿಷಕ್ಕೊಮ್ಮೆ ಎದ್ದು, ಕಂಡದ್ದನ್ನು ಡಿಸ್ಕಿನ ಮೇಲೆ ಬರೆದು, ಮಲಗುತ್ತಿತ್ತು. ಒಂದು ದಿನ ಅಂಕಿ ಐದಾಯಿತು. ಗಾಬರಿಯಿಂದ ಮತ್ತೊಂದು ಕಣ್ಣು ಇಟ್ಟರು. ಅಂಕಿ ಏಳಾಯಿತು. ಪ್ರತಿ ಸಂದಿಯವರೂ ತಮಗೊಂದು ಕಣ್ಣು ಬೇಕೆಂದರು. ಕೊನೆಗೆ ಅರವತ್ತಮೂರು ಕಣ್ಣುಗಳು ಕ್ಷಣಕ್ಕೊಮ್ಮೆ ಡಿಸ್ಕಿಗೆ ಮುಗಿಬಿದ್ದು ಬರೆಯತೊಡಗಿದವು, ಅಂಕಿ ಹತ್ತೊಂಬತ್ತಕ್ಕೆ ಏರಿತು.

"ಅಡಿವೆಪ್ಪ, ಹತ್ತೊಂಬತ್ತು ಅಂತ ಓದಿದ್ರ ಮಂದಿ ಮುಖಕ್ಕ ಉಗುಳ್ತಾರ. ಯಾವುದು ಭಾಳ ತಿನ್ನಾಕತ್ತೈತಿ ನೋಡು" ಎಂದರು ಕಾರಭಾರಿಗಳು. ನೋಡಿದೆ. ಯಂತ್ರದ ಮಿದುಳು ಮುಕ್ಕಾಲುಪಾಲು ಖಾಲಿ ಕೂತಿತ್ತು. ಬಾಗಿಲಲ್ಲಿ ಸಾಲುಗಟ್ಟಿದ್ದವು ಕೆಳಗೋಣಿಯ ಗಾಳಿಕೆಲಸಗಳು, ಅಂದರೆ ಅಲ್ಲಿನ ಕೊಳವೆ ತೆರೆಸುವವು. ಆಳದ ಓಣಿ, ಕೊಳವೆ ಹೆಚ್ಚು; ಪ್ರತಿ ಬಾಗಿಲಿಗೂ ಡಿಸ್ಕಿನಿಂದ ಒಂದು ಪಟ್ಟಿ ಓದಬೇಕು, ಡಿಸ್ಕಿಗೋ ಕಣ್ಣುಗಳಿಂದ ಬಿಡುವಿಲ್ಲ.

"ಕಾರಭಾರ‍್ಯಾರ, ಇವು ತಿನ್ನಾಕತ್ತಿಲ್ರಿ, ಕಾಯಾಕತ್ತಾವ" ಎಂದೆ.

"ಕಾಯೋದಾದ್ರ ಹೊರಗ ಕಾಯಲಿ" ಎಂದರು.

ನೈಸ್ ಎಂಬ ನಿಮ್ಮ ಸಲಕರಣೆಯಿಂದ ಆ ಕೆಲಸಗಳನ್ನು ಸರದಿಯ ಕೊನೆಗೆ ತಳ್ಳಿದೆ, ಅಂಕಿ ಇಳಿಯಲಿಲ್ಲ. ಆಗ ನನಗೊಂದು ನೀಚ ಉಪಾಯ ಹೊಳೆಯಿತು. ಅದು ನನ್ನದೇ, ಕಾರಭಾರಿಗಳ ತಲೆಗೆ ಕಟ್ಟಲಾರೆ. ನಿಲ್ಲಿಸಿಟ್ಟ ಕೆಲಸವನ್ನು ಯಂತ್ರ ಭಾರದಲ್ಲಿ ಎಣಿಸುವುದಿಲ್ಲ. ವಾಚನಕ್ಕೆ ಮುಂಚೆ ಕೆಳಗೋಣಿಯ ಗಾಳಿಕೆಲಸಗಳನ್ನು ನಿಲ್ಲಿಸಿ, ವಾಚನ ಮುಗಿದ ಮೇಲೆ ಎಬ್ಬಿಸಿದರಾಯಿತು. ಮೊದಲ ಅಂಕಿಗೆ ಐದು ನಿಮಿಷ ಸಾಕಾಯಿತು. ಮೂರನೆಯದು ಹದಿನೈದು ನಿಮಿಷದ ಹಟಮಾರಿ. ಅದನ್ನು ಬಗ್ಗಿಸಲು ಅರ್ಧ ತಾಸು ಬೇಕಾಯಿತು. ಚಪ್ಪಾಳೆ ಮರಳಿ ಬಂತು.

ಕೆಳಗೋಣಿಯಲ್ಲಿ ನನ್ನ ಅಕ್ಕ ನೀಲವ್ವ ಅಣಬೆ ಹಾಸುಗಳನ್ನು ನೋಡಿಕೊಳ್ಳುತ್ತಿದ್ದಳು. ರೊಟ್ಟಿ ಕೊಡಲು ಬಂದವಳು ಒಂದು ದಿನ ಕೇಳಿದಳು: "ತಮ್ಮಾ, ನಿನ್ನ ಅಂಕಿ ಚೆಂದ ಬರೋ ಹೊತ್ತಿನಾಗ ನಮ್ಮ ದೀಪ ಯಾಕೋ ಸಣ್ಣ ಆಕ್ಕಾವು?" ನಾನು ಎಣ್ಣೆ ಸರಿಯಿಲ್ಲವೆಂದೆ. "ಅರ್ಧಾ ತಾಸು ಕೆಡೋ ಎಣ್ಣಿ ಇವತ್ತs ಕೇಳಿದ್ನಿ" ಎಂದು ನಕ್ಕು ಇಳಿದು ಹೋದಳು.

ಗಣಿ ಹೊಕ್ಕ ದಿನದ ಹಬ್ಬ ಬಂತು. ಅಂದು ಮೂರೂ ಅಂಕಿ ಒಂದರೊಳಗೆ ಬರಬೇಕೆಂದು ಅಪ್ಪಣೆಯಾಯಿತು. ಒಂದು ತಾಸು ಮುಂಚೆಯೇ ನಿಲ್ಲಿಸಿದೆ. ಸೊನ್ನೆ ದಶಾಂಶ ಒಂಬತ್ತು ಎಂದು ನಾನು ಹಾಡಿದಾಗ ಕಟ್ಟೆ ನಡುಗುವಂತೆ ಚಪ್ಪಾಳೆ ಬಿತ್ತು. ಓಡಿಹೋಗಿ ಎಬ್ಬಿಸಿದೆ. ಎದ್ದವು, ಒಂದು ತಾಸಿನ ಬಾಕಿ ಹೊತ್ತು, ಎಲ್ಲವೂ ಒಟ್ಟಿಗೇ. ಎದ್ದು ಡಿಸ್ಕಿನ ಬಾಗಿಲಿಗೆ ಹೋಗಿ, ಅರವತ್ತಮೂರು ಕಣ್ಣುಗಳ ಹಿಂದೆ ಸಾಲಿನಲ್ಲಿ ನಿಂತವು. ಕೊಳವೆಯ ಒಂದು ಬಾಗಿಲೂ ತೆರೆಯಲಿಲ್ಲ. ಕಣ್ಣುಗಳನ್ನು ಕೊಲ್ಲುವ ಆಜ್ಞೆ ನನ್ನ ಬೆರಳಲ್ಲೇ ಇತ್ತು. ನಾನು ಒತ್ತಲಿಲ್ಲ, ಅಪ್ಪಣೆ ಕೇಳಲು ಹೋದೆ. ಹಾರ ಹಾಕಿಸಿಕೊಳ್ಳುತ್ತಿದ್ದ ಕಾರಭಾರಿಗಳು, "ಕಣ್ಣು ಮುಚ್ಚಿಸಿದ್ರ ಕೆಳಗ ಏನ್ ನಡದೈತಿ ಅಂತ ಹೆಂಗ ತಿಳೀತೈತೋ? ಸಭಾ ಮುಗೀಲಿ ತಡಿ" ಎಂದರು. ತಡೆದೆ. ಸಭೆ ಮುಗಿಯುವಷ್ಟರಲ್ಲಿ ಕೆಳಗೋಣಿಯಲ್ಲಿ ಇಪ್ಪತ್ತೇಳು ಜನ ಮುಗಿದಿದ್ದರು. ನೀಲವ್ವ ಏಣಿಯ ನಾಲ್ಕನೆಯ ಮೆಟ್ಟಿಲವರೆಗೆ ಬಂದಿದ್ದಳು. ಅರವತ್ತಮೂರು ಕಣ್ಣುಗಳೂ ಅದನ್ನು ಕ್ಷಣಕ್ಷಣಕ್ಕೆ ಬರೆದಿಟ್ಟಿವೆ, ಒಂದು ಸಾಲೂ ಬಿಡದೆ.

ಉಳಿದವರನ್ನು ಮೇಲಕ್ಕೆ ತಂದು, ಕೆಳಗೋಣಿಯ ಗಾಳಿಕೆಲಸಗಳನ್ನೇ ಯಂತ್ರದಿಂದ ಅಳಿಸಿದರು. ಮತ್ತೆ ಹೀಗಾಗಬಾರದೆಂದು ಇನ್ನಷ್ಟು ಕಣ್ಣು ಇಟ್ಟರು. ಇಂದಿನ ಅಂಕಿ ಹನ್ನೊಂದು. ಸಾಲಿನಲ್ಲಿ ನಿಂತಿರುವವು ಈಗ ಬಹುಪಾಲು ಕಣ್ಣುಗಳೇ. ನಾಳೆಯಿಂದ ವಾಚನಕ್ಕೆ ಮುಂಚೆ ನಡುವೋಣಿಯ ಗಾಳಿ ನಿಲ್ಲಿಸಬೇಕೆಂದು ಸಂಜೆ ಅಪ್ಪಣೆ ಬಂದಿದೆ.

ಹಿರಿಯರೇ, ನೋಡುವ ಸಲಕರಣೆ ಇಟ್ಟಾಗ ಅದೇ ಎಷ್ಟು ತಿನ್ನುತ್ತದೆಂದು ಮೊದಲು ಬರೆದಿಡಿ. ತಿನ್ನುವವನನ್ನೂ ಕಾಯುವವನನ್ನೂ ಒಂದೇ ಅಂಕಿಯಲ್ಲಿ ಸೇರಿಸಿ ನಮ್ಮಂಥವರ ಕೈಗೆ ಕೊಡಬೇಡಿ. ನಾವು ಅದಕ್ಕೆ ರಾಗ ಕಟ್ಟುತ್ತೇವೆ. ಈ ಪತ್ರ ಮುಗಿಸಿದ ಮೇಲೆ ಆ ಕಣ್ಣುಗಳನ್ನೆಲ್ಲ ಕೊಲ್ಲಲಿದ್ದೇನೆ, ಯಾರನ್ನೂ ಕೇಳದೆ. ಅಂಕಿ ಇಳಿಯುತ್ತದೆ, ನಡುವೋಣಿ ಉಸಿರಾಡುತ್ತದೆ. ಕೆಳಗೋಣಿಯವರು ಹೋದದ್ದಕ್ಕೇ ಭಾರ ಇಳಿಯಿತೆಂದು ಕಾರಭಾರಿಗಳು ಕಟ್ಟೆಯ ಮೇಲೆ ಸಾರುತ್ತಾರೆ. ಮಂದಿ ನಂಬುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ನಾನು ಬೇರೆ ಹೇಳಿದರೆ ಯಾರೂ ಕೇಳರು, ಅಂಕಿ ಅವರ ಪರವಾಗಿರುತ್ತದೆ. ನಿಮಗಾದರೂ ಗೊತ್ತಿರಲಿ: ನೀಲವ್ವ ಯಾರಿಗೂ ಭಾರವಾಗಿರಲಿಲ್ಲ.